ಕರಡಿಗೆ ಬಿಡುವು ಕೇಳುವವಳು

ಹತ್ತೊಂಬತ್ತು ವರ್ಷ ಅವಳು ಕರಡಿಯಾಗಿದ್ದಳು. ಕೇಳಿ ನಗುವವರು ನಗಲಿ. ನಾಲ್ಕು ಕಿಲೋ ತೂಗುವ ಕರಡಿ ತಲೆಯನ್ನು ಹೆಗಲ ಮೇಲೆ ಹೊತ್ತು, ಮೈತುಂಬ ದಪ್ಪ ಕಂದು ಕೂದಲಿನ ವೇಷ ತೊಟ್ಟು, ಬೇಸಿಗೆಯ ಮಧ್ಯಾಹ್ನ ಕಂಡವರ ಮಕ್ಕಳನ್ನೆಲ್ಲ ತಬ್ಬಿಕೊಂಡು ನಿಂತವಳು ಅವಳು, ನಗುವವರಲ್ಲ. ಅವಳು ಕೆಲಸ ಮಾಡುತ್ತಿದ್ದ ಮನರಂಜನಾ ಪಾರ್ಕಿನಲ್ಲಿ ಕರಡಿಗೆ ಡುಮ್ಮಣ್ಣ ಎಂದು ಹೆಸರು. ಒಳಗಿದ್ದ ಹೆಂಗಸನ್ನು ಜೊತೆಯ ಕೆಲಸಗಾರರು ಕರಡಿಯಮ್ಮ ಎನ್ನುತ್ತಿದ್ದರು. ಅವಳಿಗೂ ಆ ಹೆಸರು ಒಗ್ಗಿಹೋಗಿತ್ತು. ಯಾರಾದರೂ ಅಸಲಿ ಹೆಸರು ಹಿಡಿದು ಕರೆದರೆ ಒಂದು ಕ್ಷಣ ಅತ್ತಿತ್ತ ನೋಡುತ್ತಿದ್ದಳು.

ಕರಡಿಯಮ್ಮನಿಗೆ ಚಿಕ್ಕಂದಿನಿಂದಲೂ ಮಾತು ಉಗ್ಗುತ್ತಿತ್ತು. ಮನಸ್ಸಿನಲ್ಲಿ ಮಾತು ಸಲೀಸಾಗಿ ತಯಾರಾಗಿ ಬಾಯಿಯ ತನಕ ಬರುತ್ತಿತ್ತು. ಮೊದಲ ಅಕ್ಷರಕ್ಕೆ ಬಂದದ್ದೇ ತಡ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಎದುರಿಗಿದ್ದವರ ಉಪಕಾರ. ಅಕ್ಕ, ಟೀಚರು, ಬಸ್ ಕಂಡಕ್ಟರು, ಎಲ್ಲರೂ ಅವಳ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅಂಗಡಿಯಲ್ಲಿ ‘ಸ’ ಎನ್ನುವಷ್ಟರಲ್ಲಿ ಸಾಬೂನು ಕೈಗೆ ಬಂದಿರುತ್ತಿತ್ತು. ಅವಳಿಗೆ ಬೇಕಿದ್ದದ್ದು ಸಕ್ಕರೆ. ಅಲ್ಲ ಎಂದು ಹೇಳುವುದು ಇನ್ನೂ ದೊಡ್ಡ ಕೆಲಸವಾದ್ದರಿಂದ ಸಾಬೂನನ್ನೇ ತೆಗೆದುಕೊಂಡು ಬರುತ್ತಿದ್ದಳು. ಅವಳ ಮನೆಯಲ್ಲಿ ಯಾವತ್ತೂ ಸಾಬೂನಿಗೆ ಕೊರತೆ ಬಂದದ್ದಿಲ್ಲ.

ಅಂಥವಳಿಗೆ ಕರಡಿಯ ಕೆಲಸ ಸಿಕ್ಕಿದ್ದು ಹೇಳಿ ಮಾಡಿಸಿದ ಹಾಗಾಯಿತು. ವೇಷದೊಳಗಿದ್ದವರು ಬಾಯಿ ಬಿಡಲೇಬಾರದು ಎಂಬುದು ಪಾರ್ಕಿನ ಮೊದಲನೆಯ ನಿಯಮ. ಕೆಲಸಕ್ಕೆ ಸೇರುವ ದಿನ ಅದನ್ನು ಓದಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆ ನಿಯಮವನ್ನು ಶಿಕ್ಷೆ ಎಂದುಕೊಂಡು ಎಷ್ಟೋ ಜನ ವಾರದೊಳಗೆ ಬಿಟ್ಟು ಓಡಿದ್ದರು. ಇವಳಿಗೆ ಅದು ವರವಾಯಿತು. ಕೈಬೀಸಿ, ಹೊಟ್ಟೆ ಕುಣಿಸಿ, ನಾಚಿಕೊಂಡು, ಅತ್ತಂತೆ ಮಾಡಿ ಅವಳು ಸಾವಿರ ಮಾತು ಆಡುತ್ತಿದ್ದಳು. ಒಂದೂ ಉಗ್ಗುತ್ತಿರಲಿಲ್ಲ. ಅವಳನ್ನು ಕಂಡೊಡನೆ ಮಕ್ಕಳು ಓಡಿಬರುತ್ತಿದ್ದರು. ಹೊರಗಿನ ಬದುಕಿನಲ್ಲಿ ತನ್ನ ಕಡೆಗೆ ಯಾರೂ ಓಡಿಬಂದದ್ದು ಅವಳಿಗೆ ನೆನಪಿಲ್ಲ.

ಕರಡಿಗೊಬ್ಬ ಜೊತೆಗಾರ ಅಥವಾ ಜೊತೆಗಾತಿ ಇರಲೇಬೇಕು. ಕರಡಿಗೆ ಕಾಣುವುದು ಅದರ ಬಾಯಿಯ ಜಾಲರಿಯಿಂದ ಮಾತ್ರ. ಕಾಲ ಬಳಿ ಮಗು ಬಂದರೆ ಗೊತ್ತಾಗುವುದಿಲ್ಲ, ಮೆಟ್ಟಿಲಿದ್ದರೆ ತಿಳಿಯುವುದಿಲ್ಲ. ಜೊತೆಗಾತಿ ಪಕ್ಕದಲ್ಲೇ ನಡೆಯಬೇಕು, ಸಾಲು ನೋಡಿಕೊಳ್ಳಬೇಕು, ಕರಡಿಯ ಪರವಾಗಿ ಮಾತಾಡಬೇಕು. ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಇಪ್ಪತ್ತೈದು ನಿಮಿಷವಾದ ಕೂಡಲೇ ಕರಡಿಯನ್ನು ಒಳಗೆ ಕರೆದುಕೊಂಡು ಹೋಗುವುದು. ಅದಕ್ಕಿಂತ ಹೆಚ್ಚು ಹೊತ್ತು ಒಳಗಿದ್ದರೆ ಮನುಷ್ಯ ಬೆಂದುಹೋಗುತ್ತಾನೆ. ಆದರೆ ‘ಒಳಗಿರುವ ಮನುಷ್ಯನಿಗೆ ಸೆಕೆಯಾಗಿದೆ’ ಎಂದು ಹೇಳುವಂತಿಲ್ಲ. ಒಳಗೆ ಮನುಷ್ಯನೇ ಇಲ್ಲವಲ್ಲ! ಆದ್ದರಿಂದ ಏನಾದರೂ ನೆಪ ಹೇಳಬೇಕು. ಸಾಲಿನಲ್ಲಿ ಅರ್ಧ ಗಂಟೆ ಕಾದ ಮಗುವಿಗೆ, ಅದಕ್ಕಿಂತ ಹೆಚ್ಚಾಗಿ ಅದರ ಅಪ್ಪ ಅಮ್ಮಂದಿರಿಗೆ, ಆ ನೆಪ ಒಪ್ಪಿಗೆಯಾಗಬೇಕು.

ಮೊದಲೆಲ್ಲ ಯಾರಿಗೆ ಏನು ತೋಚಿದರೆ ಅದು ನೆಪವಾಗುತ್ತಿತ್ತು. ಒಂದು ಸಲ ಒಬ್ಬ ಜೊತೆಗಾರ ಕರಡಿ ಸ್ನಾನಕ್ಕೆ ಹೋಯಿತು ಎಂದ. ಅದೇ ಹೊತ್ತಿಗೆ ಗೇಟಿನ ಬಳಿ ಇನ್ನೊಬ್ಬಳು ಕರಡಿ ಹಲ್ಲು ಕೀಳಿಸಿಕೊಳ್ಳಲು ಡಾಕ್ಟರ ಹತ್ತಿರ ಹೋಗಿದೆ ಎಂದಳು. ಎರಡನ್ನೂ ಕೇಳಿಸಿಕೊಂಡ ಒಬ್ಬ ಪುಟ್ಟಿ ಲೆಕ್ಕ ಹಾಕಿ, ಇವರೆಲ್ಲ ಏನೋ ಮುಚ್ಚಿಡುತ್ತಿದ್ದಾರೆ, ಕರಡಿ ಸತ್ತೇ ಹೋಗಿದೆ ಎಂದು ತೀರ್ಮಾನಿಸಿ ಪಾರ್ಕೆಲ್ಲ ಕೇಳುವ ಹಾಗೆ ಅತ್ತಳು. ಅವಳ ಅಳುವಿಗೆ ಮತ್ತೆ ಹನ್ನೆರಡು ಮಕ್ಕಳು ದನಿಗೂಡಿಸಿದರು. ಅಂದಿನಿಂದ ವೇಷದ ವಿಭಾಗದ ಉಸ್ತುವಾರಿ ಮೇಡಂ ವಿಶ್ರಾಂತಿ ಕೋಣೆಯಲ್ಲಿ ಒಂದು ಬಿಳಿ ಬೋರ್ಡು ಹಾಕಿಸಿ ದಿನಕ್ಕೆ ಒಂದೇ ನೆಪ ಬರೆಯತೊಡಗಿದರು. ಎಲ್ಲರೂ ಅದನ್ನೇ, ಅದೇ ಮಾತುಗಳಲ್ಲಿ ಹೇಳಬೇಕು. ಜೇನು ಹುಡುಕಲು ಹೋಗಿದ್ದಾನೆ, ಪತ್ರ ಬರೆಯುತ್ತಿದ್ದಾನೆ, ಹೀಗೆ. ಅಜ್ಜಿ ಮನೆಗೆ ಹೋಗಿದ್ದಾನೆ ಎಂಬುದನ್ನು ಒಂದೇ ದಿನದಲ್ಲಿ ಕೈಬಿಟ್ಟರು, ಮಕ್ಕಳೆಲ್ಲ ನಾವೂ ಬರುತ್ತೇವೆ ಎಂದು ಬಾಗಿಲಿಗೆ ಬಂದು ಕೂತರು.

ಇದೆಲ್ಲ ಬೇರೆಯವರ ತಲೆನೋವು ಎಂದು ಕರಡಿಯಮ್ಮ ವೇಷದೊಳಗೆ ಹಾಯಾಗಿದ್ದಳು, ಮೊಣಕಾಲು ಕೈಕೊಡುವ ತನಕ. ಐವತ್ತೆರಡನೆಯ ವಯಸ್ಸಿಗೆ ಎರಡೂ ಮೊಣಕಾಲು ಸವೆದುಹೋಗಿವೆ ಎಂದು ಡಾಕ್ಟರು ಚಿತ್ರ ತೋರಿಸಿ ಹೇಳಿದರು. ಇನ್ನು ಭಾರ ಹೊರುವ ಹಾಗಿಲ್ಲ. ಉಸ್ತುವಾರಿ ಮೇಡಂ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಕಡ್ಡಿ ಮುರಿದ ಹಾಗೆ, ಆದರೆ ಕೆಟ್ಟವರಲ್ಲ.

“ನೋಡಿ ಅಮ್ಮ, ನಿಮ್ಮನ್ನ ಕಳಿಸಿಬಿಡೋಕೆ ನಂಗೂ ಇಷ್ಟ ಇಲ್ಲ,” ಎಂದರು. “ವೇಷದ ಹೊರಗಡೆ ಖಾಲಿ ಇರೋದು ಜೊತೆಗಾತಿ ಕೆಲಸ ಒಂದೇ. ಒಂದು ತಿಂಗಳು ಮಾಡಿ ನೋಡಿ. ಆದ್ರೆ ಇದು ಮಾತಿನ ಕೆಲಸ. ಆಗಲಿಲ್ಲ ಅಂದ್ರೆ...”

“ಮ... ಮನೆ...” ಎಂದಳು ಕರಡಿಯಮ್ಮ.

“ಹೂಂ, ಮನೆಗೆ ಹೋಗಬೇಕಾಗುತ್ತೆ,” ಎಂದು ಮೇಡಂ ಮುಗಿಸಿದರು. ಅವಳು ಹೇಳಹೊರಟಿದ್ದು, ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದು. ಇರಲಿ ಬಿಡಿ.

ಮನೆಯೆಂದರೆ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಂಗಡಿ ಅವಳ ಗಂಡನದು. ಊರಿನವರು ಅವನನ್ನು ಬೀಗದ ಮೇಸ್ತ್ರಿ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಬಾಯಿಗೆ ಮಾತ್ರ ಯಾವ ಬೀಗವೂ ಇಲ್ಲ. ಇಪ್ಪತ್ತೇಳು ವರ್ಷದಿಂದ ಇಬ್ಬರ ಪಾಲಿನ ಮಾತನ್ನೂ ಅವನೇ ಆಡಿ ಮುಗಿಸುತ್ತಿದ್ದ. ಹೆಂಡತಿಗೆ ತೊಂದರೆಯಾಗಬಾರದು ಎಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದ, ಅದು ಅವಳಿಗೂ ಗೊತ್ತಿತ್ತು. ಆದರೂ ಒಮ್ಮೊಮ್ಮೆ, ತಾನು ಹೇಳಬೇಕೆಂದಿದ್ದ ಮಾತು ಅವನ ಬಾಯಲ್ಲಿ ಬೇರೆಯೇ ಆಗಿ ಹೊರಬಿದ್ದಾಗ, ಅವಳು ಎದ್ದು ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದಳು.

“ಬೇಡ ಬಿಟ್ಟುಬಿಡು,” ಎಂದ ಮೇಸ್ತ್ರಿ. “ಅಂಗಡೀಲಿ ಕೂತ್ಕೋ ನನ್ನ ಜೊತೆ. ಯಾಕೆ ಸುಮ್ನೆ ನಾಲ್ಕು ಜನರ ಮುಂದೆ...”

“ಇಲ್ಲ,” ಎಂದಳು. ಒಂದೇ ಏಟಿಗೆ ಬಂತು. ಮೇಸ್ತ್ರಿ ಬಾಯಿ ಮುಚ್ಚಿದ.

ಬಟ್ಟೆ ಬೀರುವಿನ ಕನ್ನಡಿಯ ಮುಂದೆ ನಿಂತು ಅವಳು ಅಭ್ಯಾಸ ಮಾಡಿದಳು. “ಡುಮ್ಮಣ್ಣ ಜೇನು ಹುಡುಕೋಕೆ ಹೋಗ್ತಿದ್ದಾನೆ, ಅರ್ಧ ಗಂಟೇಲಿ ಬರ್ತಾನೆ, ಎಲ್ರೂ ಟಾಟಾ ಮಾಡಿ.” ಕನ್ನಡಿಯ ಮುಂದೆ ನೀರು ಹರಿದ ಹಾಗೆ ಬಂತು. ಒಬ್ಬಳೇ ಇದ್ದಾಗ ಅವಳಿಗೆ ಮಾತು ಯಾವತ್ತೂ ತಡೆದದ್ದಿಲ್ಲ. ಅದನ್ನು ಹೇಳಿದರೆ ನಂಬುವವರು ಕಡಿಮೆ.

ಹೊಸ ಕರಡಿ ರೈಲಣ್ಣ. ನಲವತ್ತರ ಗಟ್ಟಿ ಆಳು, ಪಾರ್ಕಿನ ಪುಟಾಣಿ ರೈಲನ್ನು ಎಂಟು ವರ್ಷ ಓಡಿಸಿದವನು. ಆ ರೈಲು ಮೂಲೆಗೆ ಸೇರಿದ ಮೇಲೆ ವೇಷಕ್ಕೆ ಬಂದ. ತಿಂಗಳ ಮೊದಲ ವಾರ ಅವನಿಗೆ ಕರಡಿಯ ನಡಿಗೆ, ಕೈಬೀಸುವುದು, ತಲೆ ಜಾರದಂತೆ ಬಗ್ಗುವುದು ಎಲ್ಲವನ್ನೂ ಕಲಿಸಿದವಳು ಕರಡಿಯಮ್ಮನೇ. ಸನ್ನೆಯನ್ನೂ ಕಲಿಸಿದಳು. ಕರಡಿ ಜೊತೆಗಾತಿಯ ಮೊಣಕೈಯನ್ನು ಒಂದು ಸಲ ಅದುಮಿದರೆ ಎಲ್ಲ ಸರಿ, ಎರಡು ಸಲ ಅದುಮಿದರೆ ಸಾಕಾಯಿತು, ಮೂರು ಸಲ ಅದುಮಿದರೆ ಈಗಿಂದೀಗಲೇ ಒಳಗೆ. ಮೂರಕ್ಕೆ ಯಾವ ಪ್ರಶ್ನೆಯೂ ಇಲ್ಲ, ಯಾವ ಫೋಟೋವೂ ಇಲ್ಲ.

ಇಬ್ಬರೂ ಹೊರಗಿಳಿದ ಮೊದಲ ದಿನ ಎಲ್ಲ ಸರಿಯಾಗಿಯೇ ನಡೆದಿತ್ತು. ಇಪ್ಪತ್ತೈದು ನಿಮಿಷವಾಯಿತು. ಕರಡಿಯಮ್ಮ ಸಾಲಿನ ಮುಂದೆ ಬಂದು ನಿಂತಳು. ನಲವತ್ತು ಮುಖಗಳು ಅವಳ ಕಡೆ ತಿರುಗಿದವು. “ಡು...” ಎಂದಳು. “ಡು... ಡು...” ಕಿವಿ ಬಿಸಿಯಾಯಿತು. ಸಾಲಿನಲ್ಲಿದ್ದ ಅಪ್ಪಂದಿರು ಗಡಿಯಾರ ನೋಡಿಕೊಂಡರು. ಪಾಪ, ರೈಲಣ್ಣನಿಗೆ ಒಳಗಿಂದ ತಡೆಯಲಾಗಲಿಲ್ಲ. ನಾಟಕದಲ್ಲಿ ಪರದೆಯ ಹಿಂದೆ ನಿಂತವರು ಮಾತು ನೆನಪಿಸುವ ಹಾಗೆ, “ಜೇನು... ಜೇನು ಅನ್ನಿ ಅಕ್ಕ,” ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಎಂಟು ವರ್ಷ ರೈಲಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ್ದು. ಸಾಲಿನ ಕೊನೆಯವರಿಗೂ ಕೇಳಿಸಿತು.

“ಕರಡಿ ಮಾತಾಡ್ತು!” ಎಂದು ಒಂದು ಮಗು ಕಿರುಚಿತು. “ಅಂಕಲ್ ಥರ ಮಾತಾಡ್ತು!” ಎಂದು ಇನ್ನೊಂದು. ಒಂದು ಮಗು ಹೆದರಿ ಅಮ್ಮನ ಸೊಂಟ ಹತ್ತಿತು. ಯಾರೋ ನಕ್ಕರು, ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದರು. ಸಂಜೆಯ ಹೊತ್ತಿಗೆ ರೈಲಣ್ಣನ ಕೈಗೆ ಎಚ್ಚರಿಕೆ ಪತ್ರ ಬಂತು. ಕರಡಿಯಮ್ಮನಿಗೆ ಪತ್ರ ಬರಲಿಲ್ಲ, ಮೇಡಂ ಬರೀ ಒಂದು ಸಲ ನೋಡಿದರು. ಪತ್ರವೇ ಬಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

“ನನ್ನಿಂದ ನಿ... ನಿಮಗೆ...” ಎಂದು ಅವಳು ರೈಲಣ್ಣನ ಮುಂದೆ ಕಣ್ಣೀರು ಹಾಕಿದಳು.

“ಅಯ್ಯೋ ಬಿಡಿ ಅಕ್ಕ, ರೈಲು ಹಳಿ ತಪ್ಪಿಸಿದಾಗ ಇದಕ್ಕಿಂತ ದೊಡ್ಡ ಪತ್ರ ಕೊಟ್ಟಿದ್ರು,” ಎಂದು ಅವನು ಪತ್ರವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಇಳಿಸಿದ.

ಮರುದಿನದ ಸಂಗತಿಯನ್ನು ಅವಳ ಜಾಣತನ ಎನ್ನಬೇಕೋ ಮಕ್ಕಳ ಜಾಣತನ ಎನ್ನಬೇಕೋ ಗೊತ್ತಿಲ್ಲ. ಸಾಲಿನ ಮುಂದೆ ನಿಂತಳು, ಮತ್ತೆ ಅದೇ ಕಥೆ. “ಡುಮ್ಮಣ್ಣ ಈಗ ಹೋ... ಹೋ...” ಎಂದು ನಿಂತುಹೋಯಿತು. ಆಗ ಮುಂದಿದ್ದ ಒಂದು ಮಗು, ಹಲ್ಲಿಲ್ಲದ ಬಾಯಿ ಅಗಲಿಸಿ, “ಹೋಂವರ್ಕ್ ಮಾಡೋಕಾ?” ಎಂದಿತು. “ಹೋಟೆಲಿಗಾ?” ಎಂದಿತು ಇನ್ನೊಂದು. “ಇಲ್ಲ ಇಲ್ಲ, ಅವನಿಗೆ ಸೂಸು ಬಂದಿದೆ!” ಎಂದು ಮೂರನೆಯದು ಘೋಷಿಸಿತು. ಇಡೀ ಸಾಲು ಗೊಳ್ಳೆಂದಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೆಪ ಒದಗಿಸಿದರು. ಒಂದೊಂದಕ್ಕೂ ರೈಲಣ್ಣ ತಲೆಯಾಡಿಸಿದ, ಸೂಸು ಎಂದಾಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಗುತ್ತಾ ನಗುತ್ತಾ ಮಕ್ಕಳೇ ದಾರಿ ಬಿಟ್ಟರು. ಒಂದೂ ಅಳಲಿಲ್ಲ.

ಕೋಣೆಗೆ ಬಂದ ಮೇಲೆ ಕರಡಿಯಮ್ಮ ಬೆಂಚಿನ ಮೇಲೆ ಕೂತು ತುಂಬ ಹೊತ್ತು ಯೋಚಿಸಿದಳು. ಜೀವಮಾನವಿಡೀ ಬೇರೆಯವರು ತನ್ನ ಮಾತು ಮುಗಿಸಿದಾಗ ಮೈ ಉರಿಯುತ್ತಿತ್ತು. ಇವತ್ತು ಉರಿಯಲಿಲ್ಲ, ಯಾಕೆ? ದೊಡ್ಡವರು ಬೇಗ ಮುಗಿದರೆ ಸಾಕು ಎಂದು ಮುಗಿಸುತ್ತಿದ್ದರು. ಮಕ್ಕಳಿಗೆ ಮುಗಿಸುವ ಅವಸರವೇ ಇರಲಿಲ್ಲ. ಅವಳು ಇನ್ನಷ್ಟು ಹೊತ್ತು ತಡವರಿಸಿದ್ದರೆ ಇನ್ನೂ ನಾಲ್ಕು ನೆಪ ಸಿಗುತ್ತಿತ್ತಲ್ಲ ಎಂಬುದೇ ಅವರ ಬೇಸರ.

ಮೂರು ವಾರ ಹೀಗೆಯೇ ಸಾಗಿತು. ಜನ ಬಿಡುವಿನ ಹೊತ್ತಿಗೆಂದೇ ಬಂದು ನಿಲ್ಲತೊಡಗಿದರು. ಮಕ್ಕಳು ಮನೆಯಿಂದಲೇ ನೆಪ ಯೋಚಿಸಿಕೊಂಡು ಬರುತ್ತಿದ್ದರು. ಕರಡಿಯ ಬ್ಯಾಟರಿ ಮುಗಿದಿದೆ, ಕರಡಿಗೆ ಮದುವೆ ಗೊತ್ತಾಗಿದೆ, ಕರಡಿಯನ್ನು ಪೊಲೀಸರು ಹುಡುಕುತ್ತಿದ್ದಾರೆ. ಕರಡಿಯಮ್ಮ ಮೊದಲ ಅಕ್ಷರ ಹೇಳಿದರೆ ಸಾಕು. ಮನೆಗೆ ಬಂದು ಗಂಡನಿಗೆ ಅವನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿದ್ದ ಕಳೆ ನೋಡಿ ಮೇಸ್ತ್ರಿಯೂ ಅಂಗಡಿಯ ಗಿರಾಕಿಗಳಿಗೆ ಸುದ್ದಿ ಹಂಚತೊಡಗಿದ.

ಆದರೆ ಎಲ್ಲರಿಗೂ ಒಂದೇ ನೆಪ ಎಂಬ ನಿಯಮ ಇತ್ತಲ್ಲ, ಅದು ಗಾಳಿಗೆ ಹೋಯಿತು. ಮೊಲದ ವೇಷದ ಜೊತೆಗಾತಿ ಬಿಳಿ ಬೋರ್ಡಿನಲ್ಲಿದ್ದಂತೆ ಮೊಲವೂ ಕರಡಿಯೂ ಪತ್ರ ಬರೆಯುತ್ತಿದ್ದಾರೆ ಎಂದರೆ, ಮಕ್ಕಳು ಅವಳ ಮುಖಕ್ಕೆ ಹೊಡೆದ ಹಾಗೆ, “ಸುಳ್ಳು! ಕರಡಿ ಪೊಲೀಸ್ ಸ್ಟೇಷನ್ನಲ್ಲಿದೆ,” ಎನ್ನುತ್ತಿದ್ದರು. ಅವಳು ಮುಖ ಊದಿಸಿಕೊಂಡು ಮೇಡಂ ಹತ್ತಿರ ದೂರು ಒಯ್ದಳು. ಒಬ್ಬ ತಂದೆಯೂ ಬರೆದು ಕೊಟ್ಟುಹೋದ: ಮಗ ಮೂರು ದಿನದಿಂದ ಕರಡಿಗೆ ಜಾಮೀನು ಕೊಡಿಸಿ ಎಂದು ಪೀಡಿಸುತ್ತಿದ್ದಾನೆ.

ಮೇಡಂ ಕರಡಿಯಮ್ಮನನ್ನು ಕರೆಸಿದರು. ಪೊಲೀಸರ ವಿಷಯ ಓದುವಾಗ ಅವರ ತುಟಿ ಸ್ವಲ್ಪ ಅಲುಗಿತು. ಕೂಡಲೇ ಗಂಭೀರವಾದರು.

“ಮಕ್ಕಳಿಗೆ ಖುಷಿಯಾಗ್ತಿದೆ, ಒಪ್ಕೋತೀನಿ. ಆದ್ರೆ ಈ ಕೆಲಸದಲ್ಲಿ ಒಂದು ದಿನ ಗದ್ದಲದ ಮಧ್ಯೆ ನೀವೊಬ್ಬರೇ ಮಾತಾಡಬೇಕಾಗುತ್ತೆ. ಆಗ ಮಕ್ಕಳು ಬಂದು ಹೇಳಿಕೊಡಲ್ಲ. ಕರಡಿ ಒಳಗಿರೋರ ಜೀವ ನಿಮ್ಮ ಬಾಯಲ್ಲಿರುತ್ತೆ ಅಮ್ಮ. ನಾಳೆ ನಿಮ್ಮ ತಿಂಗಳು ಮುಗಿಯುತ್ತೆ. ಮಧ್ಯಾಹ್ನದ ಸಾಲಿಗೆ ನಾನೇ ಬಂದು ನಿಲ್ತೀನಿ. ಬೋರ್ಡಲ್ಲಿರೋದನ್ನ ನೀವು, ನೀವೇ, ಹೇಳಿ ಮುಗಿಸಬೇಕು.”

ಅದು ಅನ್ಯಾಯದ ಮಾತಾಗಿದ್ದರೆ ಕರಡಿಯಮ್ಮನಿಗೆ ಸುಲಭವಾಗುತ್ತಿತ್ತು. ಸಿಟ್ಟು ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಮೇಡಂ ಹೇಳಿದ್ದು ನಿಜ ಎಂದು ಆ ಪಾರ್ಕಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಅವಳು ಕರಡಿಯಾಗಿದ್ದಾಗ ಜೊತೆಗಿದ್ದ ಹೆಂಗಸು ಮಾತಿನಲ್ಲಿ ಚತುರೆ, ಅರಳು ಹುರಿದ ಹಾಗೆ ಮಾತಾಡುವವಳು. ಆದರೆ ಹೊಗಳಿಕೆಗೆ ಕರಗಿಬಿಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ಕರಡಿಯಮ್ಮ ಮೂರು ಸಲ ಅದುಮಿದಳು, ಮತ್ತೆ ಮೂರು ಸಲ ಅದುಮಿದಳು. ಆ ಹೆಂಗಸು ನಗುನಗುತ್ತಾ, “ಇನ್ನೊಂದೇ ಫೋಟೋ, ಇವರು ತುಂಬ ದೂರದಿಂದ ಬಂದಿದ್ದಾರೆ,” ಎನ್ನುತ್ತಲೇ ಇದ್ದಳು. ಜಾಲರಿಯಾಚೆಯ ಬೆಳಕು ಹಳದಿಯಾಗಿ, ಆಮೇಲೆ ಬೆಳ್ಳಗಾಗಿ ಕಂಡದ್ದು ಕರಡಿಯಮ್ಮನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೋಣೆಯ ಬಾಗಿಲು ದಾಟಿದ ಮೇಲೆ ಅವಳು ಪ್ರಜ್ಞೆ ತಪ್ಪಿ ಬಿದ್ದದ್ದರಿಂದ ಹೊರಗಿನವರಿಗೆ ತಿಳಿಯಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ. ಹೇಳುವುದೆಂದರೆ ಅವಳಿಗೆ ಅಷ್ಟು ಸುಲಭವೇ?

ಆ ಸಂಜೆ ಅವಳು ಕನ್ನಡಿಯ ಮುಂದೆ ನಿಲ್ಲಲಿಲ್ಲ. ಮೇಸ್ತ್ರಿ ಏನೇನೋ ಉಪಾಯ ಹೇಳಿದ. ಹಾಡಿನ ಧಾಟಿಯಲ್ಲಿ ಹೇಳು, ಉಸಿರು ಬಿಗಿಹಿಡಿದು ಹೇಳು, ಕಣ್ಣು ಮುಚ್ಚಿಕೊಂಡು ಹೇಳು. ಕೊನೆಗೆ ಅವನ ಉಪಾಯಗಳೂ ಮುಗಿದವು. “ನಾನು ಬರ್ಲಾ ನಾಳೆ?” ಎಂದ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ವೇಷದ ಹೊರಗೆ ಕೆಲಸ ಮಾಡುವುದು ಅವಳಿಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಈ ಮೂರು ವಾರ ಮಕ್ಕಳು ಓಡಿಬಂದದ್ದು ಕರಡಿಯ ಹತ್ತಿರ ಮಾತ್ರವಲ್ಲ, ಅವಳ ಹತ್ತಿರವೂ. ಅವಳ ಸ್ವಂತ ಮುಖ ನೋಡಿ ಓಡಿಬಂದಿದ್ದರು. ಅದನ್ನು ಕಳೆದುಕೊಳ್ಳುವುದನ್ನು ನೆನೆದರೆ ಅನ್ನ ಇಳಿಯಲಿಲ್ಲ.

ಮರುದಿನ ರಜೆಯ ದಿನ, ಸುಡುಬಿಸಿಲು. ಬೋರ್ಡಿನಲ್ಲಿ ಮೇಡಂ ಕೈಬರಹ: ‘ಡುಮ್ಮಣ್ಣ ಜೇನು ಹುಡುಕಲು ಹೋಗುತ್ತಿದ್ದಾನೆ.’ ಬಿಸಿಲು ಹೆಚ್ಚಿದ್ದರಿಂದ ಕರಡಿಗೆ ಹದಿನೈದೇ ನಿಮಿಷ ಎಂದೂ ಕೆಳಗೆ ಬರೆದಿತ್ತು. ರೈಲಣ್ಣ ಉಪ್ಪು ಸಕ್ಕರೆ ಹಾಕಿದ ನೀರು ಗಟಗಟ ಕುಡಿದು, ತಲೆ ತೊಡುವ ಮೊದಲು, “ಅಕ್ಕ, ಇವತ್ತು ನಾನು ಬಾಯಿ ಬಿಡಲ್ಲ, ಆಣೆ,” ಎಂದು ನಕ್ಕ. ಹಿಂದಿನ ದಿನದಿಂದ ಅವನಿಗೆ ಮೈ ಸ್ವಲ್ಪ ಬೆಚ್ಚಗಿತ್ತು. ಅದನ್ನು ಅವನು ಹೇಳಲಿಲ್ಲ, ಅವಳ ಪರೀಕ್ಷೆಯ ದಿನ ಬೇರೊಬ್ಬರು ಕರಡಿಯಾಗುವುದು ಬೇಡ ಎಂದು. ಒಳ್ಳೆಯತನದ ಇಂಥ ಎಡವಟ್ಟು ಮಾಡುವುದರಲ್ಲಿ ರೈಲಣ್ಣನಿಗೆ ಸಮ ಯಾರೂ ಇಲ್ಲ.

ಸಾಲು ಪಾಪ್‌ಕಾರ್ನ್ ಅಂಗಡಿಯನ್ನು ದಾಟಿ ಕಾರಂಜಿಯ ತನಕ ಹೋಗಿತ್ತು. ಮೇಡಂ ಅಂಗಡಿಯ ನೆರಳಲ್ಲಿ ಕೈಕಟ್ಟಿ ನಿಂತಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ, ಕರಡಿಯಮ್ಮನ ಮೊಣಕೈಯನ್ನು ಯಾರೋ ಅದುಮಿದಂತಾಯಿತು. ಒಂದು, ಎರಡು. ಸ್ವಲ್ಪ ಬಿಟ್ಟು, ಮೂರು. ಮೂರನೆಯದರಲ್ಲಿ ಬಲವೇ ಇರಲಿಲ್ಲ, ಕೈ ಜಾರಿತು.

ಅವಳು ಸಾಲಿನ ಮುಂದೆ ಬಂದಳು. ಅವಳನ್ನು ಬಲ್ಲ ಮಕ್ಕಳು ಆಟ ಶುರುವಾಯಿತೆಂದು ಕೂಗತೊಡಗಿದರು. “ಐಸ್‌ಕ್ರೀಮ್ ತಿನ್ನೋಕೆ!” “ಕೂದಲು ಕತ್ತರಿಸ್ಕೊಳ್ಳೋಕೆ!” “ಚಂದ್ರನ ಮೇಲೆ!” ಹಿಂದಿನವರು ಏನಾಯಿತೆಂದು ಮುಂದೆ ನುಗ್ಗಿದರು. ಕೋಣೆಯ ಬಾಗಿಲು ಇಪ್ಪತ್ತು ಹೆಜ್ಜೆ ಆಚೆ, ನಡುವೆ ಜನವೋ ಜನ. ಅವಳು ಕೈಯೆತ್ತಿದಳು. ಗದ್ದಲ ಹೆಚ್ಚಿತು.

ಆಗ ಸಾಲಿನ ಮುಂದಿದ್ದ, ದಪ್ಪ ಕನ್ನಡಕದ ಏಳೆಂಟು ವರ್ಷದ ಒಬ್ಬ ಹುಡುಗಿ ಹಿಂದೆ ತಿರುಗಿ ಎಲ್ಲರ ಮೇಲೂ ರೇಗಿದಳು. “ಸುಮ್ನಿರ್ರೋ! ಅವ್ರು ಏನೋ ಹೇಳ್ತಿದ್ದಾರೆ. ಅವ್ರೇ ಹೇಳ್ಲಿ!”

ಮಕ್ಕಳು ಸುಮ್ಮನಾದರು. ಅವರನ್ನು ನೋಡಿ ದೊಡ್ಡವರೂ ಸುಮ್ಮನಾದರು. ಕರಡಿಯಮ್ಮನ ಐವತ್ತೆರಡು ವರ್ಷದ ಬದುಕಿನಲ್ಲಿ ಅಷ್ಟೊಂದು ಜನ ಒಟ್ಟಿಗೆ ಅವಳ ಮಾತಿಗಾಗಿ ಕಾದದ್ದು ಅದೇ ಮೊದಲು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿಲ್ಲ ಎಂದು ಅವಳಿಗೆ ಅನ್ನಿಸಿತು. ಬೋರ್ಡಿನ ಸಾಲು ನೆನಪಿತ್ತು. ಜೇನು. ಹುಡುಕಲು. ಬಾಯಿ ತೆರೆದಳು, ಆದರೆ ಜೇನಿನ ಮಾತು ಅವಳಿಗೆ ಬೇಡವಾಯಿತು. ಪಕ್ಕದಲ್ಲಿ ಕರಡಿ ಸಣ್ಣಗೆ ತೂಗಾಡುತ್ತಿತ್ತು. ಜಾಲರಿಯಾಚೆ ಬೆಳಕು ಈಗ ಯಾವ ಬಣ್ಣಕ್ಕೆ ತಿರುಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಕ...” ಎಂದಳು. “ಕ... ಕ... ಕರಡಿಗೆ...” ಯಾರೂ ಮುಗಿಸಲಿಲ್ಲ. ಕನ್ನಡಕದ ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. “ಕರಡಿಗೆ ಸು... ಸು... ಸುಸ್ತಾಗಿದೆ.” ಉಸಿರು ತೆಗೆದುಕೊಂಡಳು. “ತುಂಬಾ ಸುಸ್ತಾಗಿದೆ. ನಂ... ನಂಗೊತ್ತು.”

ಅದು ನೆಪವಾಗಿರಲಿಲ್ಲ. ಮಕ್ಕಳಿಗೆ ಅದು ಹೇಗೆ ತಿಳಿಯಿತೋ, ಯಾರೂ ನಗಲಿಲ್ಲ. ಮುಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು, ಹಿಂದಿದ್ದವರನ್ನೂ ಸರಿಸಿದರು, ದಾರಿಯಾಯಿತು. ಒಂದು ಮಗು ತನ್ನ ನೀರಿನ ಬಾಟಲಿಯನ್ನು ಕರಡಿಯ ಕಡೆ ಚಾಚಿತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬ ತಂದೆ ಮಾತ್ರ ಅಡ್ಡ ಬಂದ. “ಅಲ್ಲಮ್ಮ, ಅಷ್ಟು ದೂರದಿಂದ ಬಂದಿದ್ದೀವಿ, ಇನ್ನೊಂದೇ ಒಂದು ಫೋಟೋ.”

“ಇಲ್ಲ,” ಎಂದಳು ಕರಡಿಯಮ್ಮ. ಅವನು ಪಕ್ಕಕ್ಕೆ ಸರಿದ.

ಕೋಣೆಯಲ್ಲಿ ತಲೆ ತೆಗೆದಾಗ ರೈಲಣ್ಣನ ಮುಖ ಕೆಂಪಗೆ ಬೆಂದಂತಿತ್ತು, ಕಣ್ಣು ನಿಲ್ಲುತ್ತಿರಲಿಲ್ಲ. ಅವಳು ಅವನನ್ನು ಬೆಂಚಿನ ಮೇಲೆ ಮಲಗಿಸಿ, ಫ್ಯಾನು ತಿರುಗಿಸಿ, ಕತ್ತಿಗೂ ಕಂಕುಳಿಗೂ ಒದ್ದೆ ಬಟ್ಟೆ ಹಾಕಿದಳು. ಮೇಡಂ ಓಡಿಬಂದು ನರ್ಸಿಗೆ ಫೋನು ಮಾಡಿದರು. ಕಾಲು ಗಂಟೆಯ ಮೇಲೆ ರೈಲಣ್ಣ ನೀರು ಕೇಳಿದ. ನರ್ಸು ನೋಡಿ, ಇನ್ನೈದು ನಿಮಿಷ ತಡವಾಗಿದ್ದರೆ ಆಸ್ಪತ್ರೆಗೆ ಹೊತ್ತೊಯ್ಯಬೇಕಿತ್ತು ಎಂದರು. ಜ್ವರ ಮುಚ್ಚಿಟ್ಟದ್ದಕ್ಕೆ ಮೇಡಂ ಅವನಿಗೆ ಚೆನ್ನಾಗಿ ಬೈದರು. ಅವನು ಮಲಗಿದಲ್ಲೇ ಎಲ್ಲಕ್ಕೂ ಹೂಂಗುಟ್ಟಿದ.

ಆಮೇಲೆ ಮೇಡಂ ಕರಡಿಯಮ್ಮನ ಕಡೆ ತಿರುಗಿದರು. “ಬೋರ್ಡಲ್ಲಿದ್ದದ್ದು ಹೇಳಲಿಲ್ಲ ನೀವು.”

“ಇ... ಇಲ್ಲ.”

“ಯಾಕೆ?”

ಕರಡಿಯಮ್ಮ ಶುರುಮಾಡಿದಳು. ನಡುವೆ ಎಷ್ಟೋ ಸಲ ನಿಂತಿತು. ಹಿಂದೊಂದು ಬೇಸಿಗೆಯಲ್ಲಿ ತಾನು ಈ ಕೋಣೆಯಲ್ಲೇ ಬಿದ್ದದ್ದನ್ನು, ಮೂರರ ಮೇಲೆ ಮೂರು ಸಲ ಅದುಮಿದ್ದನ್ನು, ಬೆಳಕು ಬೆಳ್ಳಗಾದದ್ದನ್ನು ಹೇಳಿದಳು. ಬೇರೆಯವರಿಗೆ ಎರಡು ನಿಮಿಷದ ಮಾತು, ಅವಳಿಗೆ ಹತ್ತು ನಿಮಿಷ ಹಿಡಿಯಿತು. ಮೇಡಂ ಒಂದು ಕಡೆಯೂ ಬಾಯಿ ಹಾಕಲಿಲ್ಲ.

“ನಾಳೆಯಿಂದ ಕಾಯಂ,” ಎಂದರು ಎಲ್ಲ ಕೇಳಿ ಮುಗಿದ ಮೇಲೆ. “ಹೊಸದಾಗಿ ಬರೋ ಜೊತೆಗಾರರಿಗೆಲ್ಲ ನೀವೇ ಹೇಳಿಕೊಡಬೇಕು. ಇದನ್ನೂ ಸೇರಿಸಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ.”

ಕರಡಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು, ಎರಡನ್ನೂ ತಡೆಯಲಿಲ್ಲ.

ರೈಲಣ್ಣನನ್ನು ಮನೆಗೆ ಕಳಿಸಿದರು. ಮೂರು ಗಂಟೆಗೆ ಬೇರೊಬ್ಬರು ವೇಷ ತೊಟ್ಟರು. ಕರಡಿ ಹೊರಗೆ ಬಂದಾಗ ಸಾಲಿನ ಅರ್ಧದಷ್ಟು ಜನ ಹೋಗಿಬಿಟ್ಟಿದ್ದರು. ಕನ್ನಡಕದ ಹುಡುಗಿ ಮಾತ್ರ ಅದೇ ಜಾಗದಲ್ಲಿದ್ದಳು. ಫೋಟೋಕ್ಕೆ ಮೊದಲು ಅವಳು ಕರಡಿಯ ಮುಖವನ್ನು ಕೆಳಗಿಂದ ಕೂಲಂಕಷವಾಗಿ ನೋಡಿ, “ಸುಸ್ತು ಹೋಯ್ತಾ?” ಎಂದು ಕೇಳಿದಳು. ಕರಡಿ ತಲೆಯಾಡಿಸಿತು.

ಹುಡುಗಿ ಕರಡಿಯಮ್ಮನ ಕಡೆ ತಿರುಗಿದಳು. “ನಿಮಗೆ?”

ಹತ್ತೊಂಬತ್ತು ವರ್ಷ ಆ ಪಾರ್ಕಿನಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಒಳಗೆ ಯಾರೂ ಇಲ್ಲ ಎಂಬುದೇ ನಿಯಮವಲ್ಲವೇ.

“ತುಂ... ತುಂಬಾ ಆಗಿತ್ತು,” ಎಂದಳು. ಹುಡುಗಿ ಇನ್ನೂ ಏನೋ ಬರಲಿದೆ ಎಂದು ಕಾದಳು. “ಈಗ ಪ... ಪ... ಪರವಾಗಿಲ್ಲ.”

“ಸರಿ,” ಎಂದು ಹುಡುಗಿ ಕರಡಿಗೂ ಅವಳಿಗೂ ನಡುವೆ ಜಾಗ ಮಾಡಿಕೊಂಡು, ಇಬ್ಬರ ಕೈಯನ್ನೂ ಹಿಡಿದು ಫೋಟೋಕ್ಕೆ ನಿಂತಳು.